ತೂಕದ ಕೌಂಟರಿನ ಪ್ರೋಗ್ರಾಂ: ಮೂವರು ಗುಮಾಸ್ತರಿಗೆ ಮೂರು ಕಾನ್ಫಿಗ್ ಫೈಲ್ ಕೊಡುವುದು ಸರಿಯೇ?

ಕುಶಾವತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಂಘಕ್ಕೆ ನಾನು ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಬೆಳೆಗಾರರು ತಂದ ಮಾಲು ರಾಶಿಯೋ, ಬೆಟ್ಟೆಯೋ, ಗೊರಬಲೋ, ಸರಕೋ ಎಂಬ ಅಡಿಕೆಯ ಬಗೆಯನ್ನು ನಮೂದಿಸಿಕೊಂಡು, ಖಾಲಿ ಚೀಲದ ತೂಕ ಕಳೆದು, ನಿವ್ವಳ ತೂಕದ ಚೀಟಿ ಮುದ್ರಿಸುವುದಷ್ಟೇ ಅದರ ಕೆಲಸ. ಲೆಕ್ಕದಲ್ಲಿ ಈವರೆಗೆ ತಕರಾರು ಬಂದಿಲ್ಲ. ತಕರಾರು ಇರುವುದು ಕೌಂಟರಿನಲ್ಲಿ ಸರದಿಯ ಮೇಲೆ ಕೂರುವ ಮೂವರು ಗುಮಾಸ್ತರ ಮೂರು ಬಗೆಯ ಅಭ್ಯಾಸಗಳಲ್ಲಿ.

ಅವರಲ್ಲಿ ಹಿರಿಯರು “ನಂಗೆ ಸರಿಯಾಗಿ ಕಾಣೂದಿಲ್ಲ ಮಾರಾಯ್ರೆ, ಅಕ್ಷರ ಒಂಚೂರು ದೊಡ್ಡ ಮಾಡಿಕೊಡಿ” ಎಂದರು. ಮಾಡಿಕೊಟ್ಟೆ. ಮರುದಿನವೇ ಇನ್ನೊಬ್ಬರು, ಪರದೆಯಲ್ಲಿ ಅರ್ಧ ಪಟ್ಟಿ ಕಾಣುತ್ತಿಲ್ಲವೆಂದು ಫೋನ್ ಮಾಡಿದರು. ಒಬ್ಬರಿಗೆ ಬೆಳೆಗಾರರ ಹೆಸರಿಗಿಂತ ಮೊದಲು ಸದಸ್ಯತ್ವದ ಸಂಖ್ಯೆ ಬರಬೇಕು. ಮತ್ತೊಬ್ಬರಿಗೆ ಎಂಟರ್ ಒತ್ತಿದ ಕೂಡಲೇ ಚೀಟಿ ಮುದ್ರಣವಾಗಬೇಕು. ಹಿರಿಯರಿಗೆ ಮಾತ್ರ ಮುದ್ರಿಸುವ ಮೊದಲು ಒಂದು ಸಲ ಕೇಳದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಇವೆಲ್ಲವನ್ನೂ, ಜೊತೆಗೆ ಖಾಲಿ ಚೀಲದ ತೂಕವನ್ನೂ, ನಾನು ‘ಸೆಟ್ಟಿಂಗ್ಸ್’ ಎಂಬ ಪೈಥಾನ್ ಫೈಲಿನಲ್ಲಿ ಒಂದರ ಕೆಳಗೊಂದು ಬರೆದಿಟ್ಟು, ಬೇಕಾದವರು ತೆರೆದು ಬದಲಾಯಿಸಿಕೊಳ್ಳಲಿ ಎಂದು ಹೇಳಿಬಂದಿದ್ದೆ.

ಆ ಉಪಾಯ ಎರಡು ಸಲ ಕೈಕೊಟ್ಟಿತು. ಮೊದಲನೆಯ ಸಲ ಯಾರೋ ತಿದ್ದುವಾಗ ಉದ್ಧರಣ ಚಿಹ್ನೆಯೊಂದು ಅಳಿಸಿಹೋಗಿ, ಸೋಮವಾರ ಬೆಳಿಗ್ಗೆ ಹೊರಗೆ ಪಿಕಪ್ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಪ್ರೋಗ್ರಾಂ ತೆರೆಯಲೇ ಇಲ್ಲ. ಎರಡನೆಯ ಸಲ ತಪ್ಪು ಪೂರ್ತಿಯಾಗಿ ನನ್ನದು: ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಳೆಯ ಫೋಲ್ಡರಿನ ಮೇಲೆಯೇ ಕಾಪಿ ಮಾಡಿದ್ದರಿಂದ, ಅವರು ತಿಂಗಳುಗಟ್ಟಲೆ ಹೊಂದಿಸಿಕೊಂಡಿದ್ದೆಲ್ಲ ಒಂದೇ ಏಟಿಗೆ ಹೋಯಿತು.

ಆದ್ದರಿಂದ ಒಬ್ಬೊಬ್ಬರಿಗೂ ತಮ್ಮ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳಲು ಅವರದೇ ಕಾನ್ಫಿಗ್ ಫೈಲ್ ಕೊಡಬೇಕೆಂದಿದ್ದೇನೆ. ಅದನ್ನು ಎಲ್ಲಿ ಇಡಬೇಕು, ಯಾವ ರೂಪದಲ್ಲಿ ಬರೆದರೆ ಗುಮಾಸ್ತರು ತಾವೇ ತಿದ್ದಬಲ್ಲರು, ತಿದ್ದುವಾಗ ತಪ್ಪಿದರೆ ಪ್ರೋಗ್ರಾಂ ಏನು ಮಾಡಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರುತ್ತೇನೆ. ಸಂಘದಲ್ಲಿ ವಿಂಡೋಸ್ 7 ಇರುವ ಒಂದು ಹಳೆಯ ಕಂಪ್ಯೂಟರ್, ವಿಂಡೋಸ್ 10 ಇರುವ ಒಂದು, ಮತ್ತು ನಾನೇ ಉಬುಂಟು ಹಾಕಿಕೊಟ್ಟ ಒಂದು ಇವೆ.

ದುರ್ಗಿಗುಡಿ

ನಿಮ್ಮ ಎರಡೂ ಅವಘಡಗಳ ಮೂಲ ಒಂದೇ. ನೀವು ಬರೆದದ್ದನ್ನೂ ಅವರು ಬರೆದದ್ದನ್ನೂ ಒಂದೇ ಫೋಲ್ಡರಿನಲ್ಲಿ ಬೆರೆಸಿಟ್ಟಿದ್ದೀರಿ. ಪ್ರೋಗ್ರಾಂ ಇರುವ ಫೋಲ್ಡರ್ ನಿಮ್ಮದು. ಅದನ್ನು ಯಾವಾಗ ಬೇಕಾದರೂ ಅಳಿಸಿ ಹೊಸದನ್ನು ಹಾಕುವಂತಿರಬೇಕು. ಬಳಕೆದಾರರ ಇಷ್ಟಾನಿಷ್ಟಗಳು ಅವರ ಖಾತೆಯೊಳಗೆ ಇರಬೇಕು. ಉಬುಂಟುವಿನಲ್ಲಿ ಅದಕ್ಕೆ ಹೋಮ್ ಫೋಲ್ಡರಿನೊಳಗಿನ ಡಾಟ್ ಕಾನ್ಫಿಗ್ ಎಂಬ ಫೋಲ್ಡರ್ ಇದೆ. ಎಕ್ಸ್‌ಡಿಜಿ ಬೇಸ್ ಡೈರೆಕ್ಟರಿ ಎಂಬ ನಿಯಮಾವಳಿ ಗೊತ್ತುಮಾಡಿದ ಜಾಗವದು; ಬಳಕೆದಾರ ಬೇರೆ ಜಾಗ ಹೇಳಿದ್ದರೆ ಎಕ್ಸ್‌ಡಿಜಿ ಕಾನ್ಫಿಗ್ ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಎಲ್ಲ ಪ್ರೋಗ್ರಾಮುಗಳೂ ಓದಬಲ್ಲ, ಹೆಸರಿಟ್ಟ ಮೌಲ್ಯ) ನೋಡಿ ಅಲ್ಲಿಗೆ ಹೋಗಬೇಕು. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ರೋಮಿಂಗ್ ಇದೆ.

ಎರಡನೆಯದಾಗಿ, ಎಲ್ಲ ಸೆಟ್ಟಿಂಗುಗಳಿಗೂ ಡಿಫಾಲ್ಟ್ ಬೆಲೆ, ಅಂದರೆ ಯಾರೂ ಏನೂ ಬರೆಯದಿದ್ದಾಗ ಹಿಡಿಯುವ ಮೌಲ್ಯ, ಪ್ರೋಗ್ರಾಮಿನ ಒಳಗೇ ಇರಲಿ. ಕಾನ್ಫಿಗ್ ಫೈಲೇ ಇಲ್ಲದಿದ್ದರೂ ಪ್ರೋಗ್ರಾಂ ತೆರೆಯಬೇಕು. ಅದರ ಮೇಲೆ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಫೈಲನ್ನು ಓದಿ, ಕೊನೆಗೆ ಬಳಕೆದಾರನ ಫೈಲನ್ನು ಓದಿ, ನಂತರ ಓದಿದ್ದು ಮೊದಲು ಓದಿದ್ದನ್ನು ಮೀರುವಂತೆ ಮಾಡಿ. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ಬಳಸಿದವರಿಗೆ ಈ ಪದ್ಧತಿ ಹೊಸದೇನಲ್ಲ: ಅಲ್ಲಿಯೂ ಯಂತ್ರಕ್ಕೊಂದು, ವ್ಯಕ್ತಿಗೊಂದು, ಪ್ರಾಜೆಕ್ಟಿಗೊಂದು ಫೈಲಿದ್ದು, ಹತ್ತಿರದ್ದು ದೂರದ್ದನ್ನು ಮೀರುತ್ತದೆ. ಪೈಥಾನಿನ ಜೊತೆಗೇ ಬರುವ, ಕಾನ್ಫಿಗ್ ಫೈಲ್ ಓದುವ ಸೌಲಭ್ಯವಾದ ಕಾನ್ಫಿಗ್‌ಪಾರ್ಸರ್‌ಗೆ ಫೈಲುಗಳ ಒಂದು ಪಟ್ಟಿ ಕೊಟ್ಟರೆ ಇದನ್ನೇ ಮಾಡುತ್ತದೆ. ಪಟ್ಟಿಯಲ್ಲಿ ಯಾವುದಾದರೂ ಫೈಲ್ ಇಲ್ಲದಿದ್ದರೆ ಗೊಣಗದೆ ಮುಂದಕ್ಕೆ ಹೋಗಿ, ಯಾವ ಯಾವ ಫೈಲನ್ನು ನಿಜವಾಗಿ ಓದಿತೆಂಬುದನ್ನು ತಿರುಗಿ ತಿಳಿಸುತ್ತದೆ. ಆ ಉತ್ತರವನ್ನು ಎಸೆಯದೆ ಪರದೆಯ ಮೂಲೆಯಲ್ಲೆಲ್ಲಾದರೂ ತೋರಿಸಿ. “ನಾನು ತಿದ್ದಿದ್ದೇನೆ, ಆದರೆ ಏನೂ ಬದಲಾಗಿಲ್ಲ” ಎಂಬ ಫೋನುಗಳಲ್ಲಿ ಬಹುಪಾಲು, ಅವರು ತಿದ್ದಿದ ಫೈಲೇ ಬೇರೆ, ಪ್ರೋಗ್ರಾಂ ಓದಿದ ಫೈಲೇ ಬೇರೆ ಎಂಬ ಕಾರಣಕ್ಕೆ ಬರುತ್ತವೆ.

ಬಳಕೆದಾರನ ಫೈಲಿನಲ್ಲಿ ಅವನು ಬದಲಾಯಿಸಿದ್ದು ಮಾತ್ರ ಇರಲಿ. ಐವತ್ತು ಸಾಲಿನ ಡಿಫಾಲ್ಟ್ ಪಟ್ಟಿಯನ್ನು ಪೂರ್ತಿ ಅವನ ಫೈಲಿಗೆ ನಕಲು ಮಾಡಿಕೊಟ್ಟರೆ, ಮುಂದೆ ನೀವು ಒಂದು ಡಿಫಾಲ್ಟ್ ಸರಿಪಡಿಸಿದರೂ ಅದು ಅವನಿಗೆ ಮುಟ್ಟುವುದಿಲ್ಲ. ಫೈಲ್ ಹೀಗೆ ಚಿಕ್ಕದಾಗಿದ್ದರೆ ಸಾಕು:

[ಪರದೆ]
# ಹಿರಿಯರ ಕನ್ನಡಕಕ್ಕೆ ತಕ್ಕಂತೆ
ಅಕ್ಷರ_ಗಾತ್ರ = 18
ಮೊದಲ_ಕಾಲಂ = ಸದಸ್ಯ_ಸಂಖ್ಯೆ

[ಮುದ್ರಣ]
ಕೇಳಿ_ಮುದ್ರಿಸು = ಹೌದು

ವರದಾಮೂಲ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಉಬುಂಟುವಿನ ಪೂರ್ವಜವಾದ ಯುನಿಕ್ಸ್ ಪಾಠ ಮಾಡಿ ನಿವೃತ್ತನಾದವನಾಗಿ ಎರಡು ಮಾತು ಸೇರಿಸಬೇಕೆನಿಸಿತು.

ಚುಕ್ಕೆಯಿಂದ ಆರಂಭವಾಗುವ ಕಾನ್ಫಿಗ್ ಫೈಲುಗಳನ್ನು ಯಾರೋ ಮಹಾಮೇಧಾವಿ ಯೋಚಿಸಿ ರೂಪಿಸಿದನೆಂದು ನನ್ನ ವಿದ್ಯಾರ್ಥಿಗಳು ನಂಬಿದ್ದರು. ನಡೆದದ್ದು ಬೇರೆ ಎಂದು ಯುನಿಕ್ಸ್ ಕಟ್ಟಿದ ತಂಡದಲ್ಲಿದ್ದ ರಾಬ್ ಪೈಕ್ 2012ರ ಒಂದು ಟಿಪ್ಪಣಿಯಲ್ಲಿ ಬರೆದಿದ್ದಾರೆ. ಪ್ರತಿ ಫೋಲ್ಡರಿನಲ್ಲೂ ಇರುವ ಒಂದು ಚುಕ್ಕೆ ಮತ್ತು ಎರಡು ಚುಕ್ಕೆಗಳ ನಮೂದುಗಳು (ಆ ಫೋಲ್ಡರ್ ಮತ್ತು ಅದರ ಮೇಲಿನ ಫೋಲ್ಡರಿನ ಗುರುತು) ಫೈಲುಗಳನ್ನು ತೋರಿಸುವ ಎಲ್‌ಎಸ್ ಆಜ್ಞೆಯ ಪಟ್ಟಿಯಲ್ಲಿ ಕಾಣಿಸದಿರಲೆಂದು, ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ಬಿಟ್ಟುಬಿಡು ಎಂದು ಯಾರೋ ಅವಸರದಲ್ಲಿ ಬರೆದರು. ಪೂರ್ತಿ ಹೆಸರನ್ನು ಹೋಲಿಸಿ ನೋಡುವ ಶ್ರಮ ತೆಗೆದುಕೊಳ್ಳಲಿಲ್ಲ. ಚುಕ್ಕೆಯಿಂದ ಆರಂಭವಾಗುವ ಎಲ್ಲ ಫೈಲುಗಳೂ ಮರೆಯಾದವು, ಮರೆಯಲ್ಲಿ ಜಾಗ ಸಿಕ್ಕಿತೆಂದು ಎಲ್ಲ ಪ್ರೋಗ್ರಾಮುಗಳೂ ತಮ್ಮ ಸಾಮಾನನ್ನು ಹೋಮ್ ಫೋಲ್ಡರಿನಲ್ಲಿ ತುಂಬಿದವು. ಅಟ್ಟಕ್ಕೆ ಒಂದು ಹಳೆಯ ಬುಟ್ಟಿ ಹಾಕಿದರೆ ಮನೆಮಂದಿಯೆಲ್ಲ ತಮ್ಮ ತಮ್ಮ ಬುಟ್ಟಿ ತಂದು ಹಾಕುವ ಹಾಗೆ. ದುರ್ಗಿಗುಡಿಯವರು ಹೇಳಿದ ಡಾಟ್ ಕಾನ್ಫಿಗ್ ಫೋಲ್ಡರ್, ಆ ಅಟ್ಟವನ್ನು ಗುಡಿಸಲು ಬಂದದ್ದು. ಅಂಥ ಹಲವು ಫೈಲುಗಳ ಹೆಸರಿನ ಬಾಲದಲ್ಲಿರುವ ಆರ್‌ಸಿ ಎಂಬುದು, 1960ರ ದಶಕದಲ್ಲಿ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿದ್ದ ರನ್‌ಕಾಂ, ಅಂದರೆ ಬರೆದಿಟ್ಟ ಆಜ್ಞೆಗಳನ್ನು ಸಾಲಾಗಿ ನಡೆಸುವ ಸೌಲಭ್ಯದ ಹೆಸರಿನಿಂದ ಬಂದದ್ದು.

ಆಜ್ಞೆ ಎಂಬ ಆ ಮಾತಿಗಾಗಿಯೇ ಇದನ್ನು ಹೇಳಿದೆ. ನಿಮ್ಮ ಸೆಟ್ಟಿಂಗ್ಸ್ ಫೈಲ್ ಪೈಥಾನಿನಲ್ಲಿದ್ದುದರಿಂದ ಅದು ಮಾಹಿತಿಯಾಗಿರಲಿಲ್ಲ, ನಡೆಯುವ ಪ್ರೋಗ್ರಾಮೇ ಆಗಿತ್ತು. ಈಮ್ಯಾಕ್ಸ್ ಎಡಿಟರ್ ಬಳಸುವವರು ಲಿಸ್ಪ್ ಭಾಷೆಯಲ್ಲಿ ಕಾನ್ಫಿಗ್ ಬರೆದುಕೊಳ್ಳುತ್ತಾರೆ, ಅದರ ಶಕ್ತಿಯೂ ದೊಡ್ಡದೇ, ಆದರೆ ಅದನ್ನು ಬರೆಯುವವರೂ ಪ್ರೋಗ್ರಾಮರುಗಳೇ. ವಿಮ್ ಎಡಿಟರಿನಲ್ಲಿ ಪಠ್ಯದ ಫೈಲಿನೊಳಗೇ ಒಂದು ಸಾಲಿನಲ್ಲಿ ಸೆಟ್ಟಿಂಗ್ ಬರೆಯುವ ಮೋಡ್‌ಲೈನ್ ಎಂಬ ಅನುಕೂಲವಿದೆ. ಅದರ ಒಂದು ದೋಷದಿಂದಾಗಿ, ಯಾರೋ ಕಳಿಸಿದ ಪಠ್ಯವನ್ನು ತೆರೆದ ಮಾತ್ರಕ್ಕೆ ಅದರೊಳಗಿನ ಆಜ್ಞೆ ನಡೆದುಬಿಡಬಹುದೆಂದು 2019ರಲ್ಲಿ ಬಯಲಾಯಿತು. ತೂಕದ ಚೀಟಿ ಬರೆಯುವ ಕಂಪ್ಯೂಟರಿಗೆ ಇಂಥ ಶಕ್ತಿಯ ಅಗತ್ಯವೇ ಇಲ್ಲ. ಓದಿ ತಿಳಿದುಕೊಳ್ಳಬಹುದಾದ, ಆದರೆ ನಡೆಸಲಾಗದ ರೂಪವೇ ನಿಮಗೆ ಸಾಕು.

ಆ ರೂಪಗಳಲ್ಲಿ ಜೇಸನ್ ಬೇಡ, ಅದರಲ್ಲಿ ಟಿಪ್ಪಣಿ ಬರೆಯಲು ಅವಕಾಶವಿಲ್ಲ, ಒಂದು ಅಲ್ಪವಿರಾಮ ಹೆಚ್ಚಾದರೂ ಮುನಿಸಿಕೊಳ್ಳುತ್ತದೆ. ಟಾಮಲ್ ನನಗೆ ಇಷ್ಟವಾದರೂ ನಿಮಗೆ ಹೊಂದುವುದಿಲ್ಲ. ಪೈಥಾನಿನಲ್ಲಿ ಅದನ್ನು ಓದುವ ಸೌಲಭ್ಯ ಜೊತೆಗೇ ಬಂದದ್ದು 3.11ರಿಂದ, ಆದರೆ ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಅಲ್ಲದೆ ಕನ್ನಡದಲ್ಲಿ ಸೆಟ್ಟಿಂಗಿನ ಹೆಸರು ಬರೆಯಬೇಕೆಂದರೆ ಟಾಮಲ್ 1.0ರಲ್ಲಿ ಪ್ರತಿಯೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಸೋಮವಾರ ಬೆಳಿಗ್ಗೆ ನಿಮ್ಮನ್ನು ಕೆಡವಿದ್ದು ಅದೇ ಚಿಹ್ನೆ. ಮೇಲೆ ತೋರಿಸಿದ ಹಳೆಯ ಐಎನ್‌ಐ ರೂಪವೇ ಇರಲಿ.

ಇನ್ನೊಂದು ಮಾತು, ಇದಕ್ಕೆ ಕೆಲವರು ಒಪ್ಪಲಿಕ್ಕಿಲ್ಲ. ಗುಮಾಸ್ತರು ಕೇಳಿದ್ದಕ್ಕೆಲ್ಲ ಒಂದೊಂದು ಸೆಟ್ಟಿಂಗ್ ಸೇರಿಸುತ್ತ ಹೋಗಬೇಡಿ. ಹೌದು–ಇಲ್ಲ ಎಂಬ ಹತ್ತು ಸೆಟ್ಟಿಂಗುಗಳಿದ್ದರೆ 1,024 ಬಗೆಯ ಪ್ರೋಗ್ರಾಮುಗಳನ್ನು ನೀವು ಸಂಘಕ್ಕೆ ಕೊಟ್ಟಂತಾಗುತ್ತದೆ, ಅವುಗಳಲ್ಲಿ ನೀವು ಪರೀಕ್ಷಿಸಿರುವುದು ಮೂರೋ ನಾಲ್ಕೋ. ಯಾವುದು ಸರಿ ಎಂದು ನಿಮಗೇ ತೀರ್ಮಾನಿಸಲಾಗದೆ ಸೆಟ್ಟಿಂಗ್ ಮಾಡಿದ್ದರೆ, ಆ ತೀರ್ಮಾನವನ್ನು ಗುಮಾಸ್ತರ ತಲೆಗೆ ಕಟ್ಟಿದಂತೆಯೇ.

ಹರಿಹರಪುರ

ನಾನು ತೋಟದವನು, ಪ್ರೋಗ್ರಾಂ ಬರೆಯುವುದು ಮಳೆಗಾಲದ ಹವ್ಯಾಸ. ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು: ಖಾಲಿ ಚೀಲದ ತೂಕವೂ ಅದೇ ಸೆಟ್ಟಿಂಗ್ ಫೈಲಿನಲ್ಲಿದೆ ಎಂದಿದ್ದೀರಿ. ಅದನ್ನು ಒಬ್ಬೊಬ್ಬರ ಫೈಲಿಗೆ ಒಯ್ಯುವ ಮುನ್ನ ನನ್ನ ಅನುಭವ ಕೇಳಿ.

ನಮ್ಮ ಮನೆಯಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ತಂದೆಯವರ ಕಾಲದ್ದು. ಅವರಿಗೆ ಮಳೆಯೆಂದರೆ ಇಂಚು ಮತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಮಗನಿಗೆ ಶಾಲೆಯಲ್ಲಿ ಕಲಿಸಿದ್ದು ಮಿಲಿಮೀಟರ್. ಇಬ್ಬರಿಗೂ ಅನುಕೂಲವಾಗಲೆಂದು ನಾನು ಬರೆದ ಪ್ರೋಗ್ರಾಮಿನಲ್ಲಿ ‘ಅಳತೆ’ ಎಂಬ ಒಂದು ಸೆಟ್ಟಿಂಗ್ ಇಟ್ಟು, ಯಾರು ಕೂತರೂ ಅವರಿಗೆ ಬೇಕಾದ ಅಳತೆಯಲ್ಲಿ ನಮೂದಿಸಲು ಬಿಟ್ಟೆ. ಆದರೆ ಉಳಿಸುವಾಗ ಬರಿಯ ಅಂಕಿಯನ್ನು ಉಳಿಸುತ್ತಿದ್ದೆ. ತಂದೆಯವರು ಆಷಾಢದ ಒಂದು ದಿನ 4 ಇಂಚು 20 ಸೆಂಟ್ ಎಂದು ಬರೆಸಿದ್ದರು, ಫೈಲಿನಲ್ಲಿ ಉಳಿದದ್ದು 4.2. ಮಗ ತನ್ನ ಸೆಟ್ಟಿಂಗಿನಲ್ಲಿ ತೆರೆದಾಗ 106.68 ಮಿಲಿಮೀಟರ್ ಮಳೆ 4.2 ಮಿಲಿಮೀಟರಾಗಿ ಕಂಡಿತು, ಅವನು ನಮೂದಿಸಿದ ಮರುದಿನದ 90 ಮಿಲಿಮೀಟರ್ ತಂದೆಯವರಿಗೆ ತೊಂಬತ್ತು ಇಂಚಾಗಿ ಕಂಡಿತು. ಅಷ್ಟು ಮಳೆ ಒಂದೇ ದಿನ ಸುರಿದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಆ ತಿಂಗಳ ನಮೂದುಗಳಲ್ಲಿ ಯಾವುದು ಯಾರದೆಂದು ಹಳೆಯ ನೋಟ್‌ಬುಕ್ಕಿನ ಜೊತೆ ಕೂತು ಹೊಂದಿಸಲು ಮೂರು ಸಂಜೆ ಹಿಡಿಯಿತು.

ಈಗ ಉಳಿಸುವುದು ಯಾವಾಗಲೂ ಮಿಲಿಮೀಟರಿನಲ್ಲಿ. ಇಂಚು ಎಂಬುದು ನಮೂದಿಸುವಾಗ ಮತ್ತು ತೋರಿಸುವಾಗ ಮಾತ್ರ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನದ 8.30ರವರೆಗೆ. ಆ ಗಡಿಯನ್ನೂ ಸೆಟ್ಟಿಂಗ್ ಮಾಡಬೇಕೆಂಬ ಆಸೆ ಒಂದು ಕಾಲಕ್ಕೆ ಇತ್ತು, ಬಿಟ್ಟುಬಿಟ್ಟೆ.

ನಿಮ್ಮ ಚೀಲದ ವಿಷಯವೂ ಹೀಗೆಯೇ. ಒಬ್ಬ ಗುಮಾಸ್ತರ ಫೈಲಿನಲ್ಲಿ ಗೋಣಿಚೀಲಕ್ಕೆ 700 ಗ್ರಾಂ, ಇನ್ನೊಬ್ಬರದರಲ್ಲಿ 900 ಗ್ರಾಂ ಎಂದಿದ್ದರೆ, ಇಪ್ಪತ್ತು ಚೀಲ ತಂದ ಬೆಳೆಗಾರನಿಗೆ ಕೌಂಟರಿನಲ್ಲಿ ಕೂತವರು ಯಾರೆಂಬುದರ ಮೇಲೆ ನಾಲ್ಕು ಕಿಲೋ ಅಡಿಕೆ ಹೆಚ್ಚುಕಡಿಮೆಯಾಗುತ್ತದೆ. ರಾಶಿ ಅಡಿಕೆಯ ಇಂದಿನ ದರದಲ್ಲಿ ನಾಲ್ಕು ಕಿಲೋ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆ ಸಂಖ್ಯೆ ಸಂಘದ್ದು. ಅದು ಸಂಘದ ಫೈಲಿನಲ್ಲಿರಲಿ, ಗುಮಾಸ್ತರ ಫೈಲಿನಲ್ಲಿ ಯಾರಾದರೂ ಬರೆದರೂ ಪ್ರೋಗ್ರಾಂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲಿ, ಮತ್ತು ಪ್ರತಿ ಚೀಟಿಯ ದಾಖಲೆಯೊಳಗೆ ಆ ದಿನ ಕಳೆದ ಚೀಲದ ತೂಕವೂ ಸೇರಿರಲಿ. ಹಾಗಿದ್ದರೆ ಮುಂದಿನ ವರ್ಷ ಗೋಣಿಯ ಬದಲು ಪ್ಲಾಸ್ಟಿಕ್ ಚೀಲ ಬಂದರೂ ಹಳೆಯ ಲೆಕ್ಕ ಕೆಡುವುದಿಲ್ಲ.

ಕುಶಾವತಿ

ಹರಿಹರಪುರದವರು ಹೇಳಿದ್ದನ್ನು ಓದಿ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಅದೃಷ್ಟವಶಾತ್ ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಚೀಲದ ತೂಕವನ್ನು ಅಂದೇ ಸಂಘದ ಫೈಲಿಗೆ ಒಯ್ದಿದ್ದೇನೆ.

ಉಳಿದದ್ದನ್ನು ದುರ್ಗಿಗುಡಿಯವರು ಹೇಳಿದಂತೆಯೇ ಮಾಡಿದೆನಾದರೂ ಮೂರು ಕಡೆ ಸಿಕ್ಕಿಬಿದ್ದಿದ್ದೇನೆ. ಮೊದಲನೆಯದು, ಮೂವರೂ ಒಂದೇ ವಿಂಡೋಸ್ ಲಾಗಿನ್ ಬಳಸುವುದರಿಂದ ಆ್ಯಪ್‌ಡೇಟಾದಲ್ಲಿ ಇಟ್ಟ ‘ವೈಯಕ್ತಿಕ’ ಫೈಲ್ ಮೂವರಿಗೂ ಒಂದೇ ಆಯಿತು. ಎರಡನೆಯದು, ಉಬುಂಟುವಿನಲ್ಲಿ ಸರಿಯಾಗಿ ಓದಿದ ಫೈಲನ್ನೇ ವಿಂಡೋಸ್‌ನಲ್ಲಿ ತೆರೆದರೆ ‘ಅಕ್ಷರ’ ಎಂಬ ಪದದ ಬಳಿ ಪ್ರೋಗ್ರಾಂ ನಿಲ್ಲುತ್ತದೆ. ಪರೀಕ್ಷೆಗೆಂದು ‘ದರ’ ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ, ಅರ್ಥವಿಲ್ಲದ ಲಿಪಿ ಕಾಣುತ್ತದೆ. ಮೂರನೆಯದು, ಹಿರಿಯರು ಗಾತ್ರವನ್ನು 18 ಎಂದು ಬರೆಯುವ ಬದಲು 125% ಎಂದು ಬರೆದರು, ಪ್ರೋಗ್ರಾಂ ತೆರೆಯಲೇ ಇಲ್ಲ. ಮೊಬೈಲಿನಲ್ಲಿ ಹಾಗೆಯೇ ಇರುತ್ತದಲ್ಲ ಎಂಬುದು ಅವರ ವಾದ, ಅದರಲ್ಲಿ ತಪ್ಪೇನಿಲ್ಲ.

ದುರ್ಗಿಗುಡಿ

ಎರಡನೆಯದರಿಂದ ಆರಂಭಿಸುತ್ತೇನೆ, ಕನ್ನಡದಲ್ಲಿ ಕಾನ್ಫಿಗ್ ಬರೆಯುವ ಎಲ್ಲರೂ ಇದರಲ್ಲಿ ಒಮ್ಮೆಯಾದರೂ ಎಡವುತ್ತಾರೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಯಾವುದೆಂದು ನೀವು ಹೇಳದಿದ್ದರೆ ವಿಂಡೋಸ್‌ನಲ್ಲಿ ನಿಮ್ಮ ಪೈಥಾನ್ ಅಲ್ಲಿನ ಹಳೆಯ ಅಕ್ಷರಪಟ್ಟಿಯಲ್ಲಿ, ಅಂದರೆ ಕೋಡ್‌ಪೇಜಿನಲ್ಲಿ, ಸಾಮಾನ್ಯವಾಗಿ 1252ರಲ್ಲಿ, ಫೈಲನ್ನು ಓದುತ್ತದೆ. ನಿಮ್ಮ ಫೈಲನ್ನು ಬರೆದಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಒತ್ತಕ್ಷರಕ್ಕೆ ಬೇಕಾದ ವಿರಾಮದ ಗುರುತಿನ, ಅಂದರೆ ಹಲಂತದ, ಮೂರನೆಯ ಬೈಟ್ 8ಡಿ. ಆ ಬೈಟಿಗೆ 1252ರಲ್ಲಿ ಯಾವ ಅಕ್ಷರವೂ ಇಲ್ಲವಾದ್ದರಿಂದ ಓದುವುದು ಅಲ್ಲಿಯೇ ನಿಲ್ಲುತ್ತದೆ. ‘ದರ’ದಲ್ಲಿ ಒತ್ತಕ್ಷರವಿಲ್ಲ, ಅದರ ಬೈಟುಗಳಿಗೆ 1252ರಲ್ಲಿ ಏನೇನೋ ಅಕ್ಷರಗಳು ಸಿಗುವುದರಿಂದ ನಿಲ್ಲದೆ ಕಸ ತೋರಿಸುತ್ತದೆ. ‘ಏ’, ‘ಐ’ ಮತ್ತು ‘ಝ’ ಬಂದರೂ ‘ಅಕ್ಷರ’ಕ್ಕೆ ಆದ ಗತಿಯೇ ಆಗುತ್ತದೆ.

ಓದುವಾಗ ಎನ್‌ಕೋಡಿಂಗನ್ನು ಯುಟಿಎಫ್-8-ಸಿಗ್ ಎಂದು ಕೊಡಿ. ಬರಿಯ ಯುಟಿಎಫ್-8 ಎಂದರೆ ವಿಂಡೋಸ್ 7ರ ನೋಟ್‌ಪ್ಯಾಡ್ ನಿಮ್ಮನ್ನು ಇನ್ನೊಂದು ಹಳ್ಳಕ್ಕೆ ಕೆಡವುತ್ತದೆ: ಅದು ಫೈಲಿನ ಆರಂಭದಲ್ಲಿ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುವುದರಿಂದ, ಚೌಕಟ್ಟಿನ ಆವರಣದಿಂದ ಆರಂಭವಾಗಬೇಕಾದ ಮೊದಲ ಸಾಲು ಹಾಗೆ ಆರಂಭವಾಗಿಲ್ಲವೆಂದು ಕಾನ್ಫಿಗ್‌ಪಾರ್ಸರ್ ದೂರುತ್ತದೆ. ಸಿಗ್ ಸೇರಿಸಿದರೆ ಆ ಗುರುತು ಇದ್ದರೂ ಓದುತ್ತದೆ, ಇಲ್ಲದಿದ್ದರೂ ಓದುತ್ತದೆ. ಅದೇ ನೋಟ್‌ಪ್ಯಾಡ್ ಫೈಲಿನ ಹೆಸರಿಗೆ ಟಿಎಕ್ಸ್‌ಟಿ ಎಂಬ ಇನ್ನೊಂದು ಬಾಲವನ್ನು ಅಂಟಿಸಿರುತ್ತದೆ, ವಿಂಡೋಸ್ ಆ ಬಾಲವನ್ನು ಮರೆಮಾಡಿರುತ್ತದೆ; ಆದ್ದರಿಂದ ಮೊದಲ ಫೈಲನ್ನು ಪ್ರೋಗ್ರಾಮೇ ಸೃಷ್ಟಿಸಿ, ‘ನನ್ನ ಫೈಲ್ ತೆರೆ’ ಎಂಬ ಗುಂಡಿ ಕೊಡುವುದು ಕ್ಷೇಮ.

ಶೇಕಡಾ ಚಿಹ್ನೆಯದು ನಿಮ್ಮ ಹಿರಿಯರ ತಪ್ಪಲ್ಲ. ಒಂದು ಸೆಟ್ಟಿಂಗಿನ ಬೆಲೆಯೊಳಗೆ ಇನ್ನೊಂದನ್ನು ಸೇರಿಸಲು ಕಾನ್ಫಿಗ್‌ಪಾರ್ಸರ್ ಆ ಚಿಹ್ನೆಯನ್ನು ಕಾದಿರಿಸಿಕೊಂಡಿದೆ. ಇಂಟರ್‌ಪೊಲೇಶನ್‌ಗೆ ನನ್ (None) ಎಂದು ಕೊಟ್ಟು, ಹಾಗೆ ಸೇರಿಸುವುದನ್ನು ನಿಲ್ಲಿಸಿ. 125% ಎಂಬುದನ್ನು ಅರ್ಥಮಾಡಿಕೊಳ್ಳುವ ಎರಡು ಸಾಲನ್ನು ನೀವೇ ಬರೆಯಿರಿ. ಬೆಲೆಯ ಮುಂದೆ ಅದೇ ಸಾಲಿನಲ್ಲಿ ಟಿಪ್ಪಣಿ ಬರೆದರೆ ಟಿಪ್ಪಣಿಯೂ ಬೆಲೆಯ ಭಾಗವಾಗುತ್ತದೆ ಎಂಬುದನ್ನೂ ಗುಮಾಸ್ತರಿಗೆ ಮೊದಲೇ ತಿಳಿಸಿ. ಒಂದು ಸಾಲು ಅರ್ಥವಾಗದಿದ್ದರೆ ಆ ಸೆಟ್ಟಿಂಗಿಗೆ ಮಾತ್ರ ಡಿಫಾಲ್ಟ್ ಹಿಡಿದು, “7ನೆಯ ಸಾಲಿನ ಅಕ್ಷರ_ಗಾತ್ರ ಅರ್ಥವಾಗಲಿಲ್ಲ, 12 ಬಳಸಿದ್ದೇನೆ” ಎಂದು ಕನ್ನಡದಲ್ಲಿ ತೋರಿಸಿ ಮುಂದುವರಿಯಲಿ. ಸಾಲಿನ ಸಂಖ್ಯೆಯನ್ನು ಕಾನ್ಫಿಗ್‌ಪಾರ್ಸರ್ ನೆನಪಿಟ್ಟುಕೊಳ್ಳುವುದಿಲ್ಲ, ಅದನ್ನು ನೀವೇ ಫೈಲಿನಲ್ಲಿ ಹುಡುಕಿ ತೋರಿಸಬೇಕು. ಸಂಘದ ಫೈಲ್ ಕೆಟ್ಟಿದ್ದರೆ ಮಾತ್ರ ಪ್ರೋಗ್ರಾಂ ನಿಲ್ಲಬೇಕು, ಏಕೆಂದರೆ ಚೀಲದ ತೂಕವನ್ನು ಊಹಿಸಿ ಚೀಟಿ ಕೊಡಲಾಗದು.

ಲಾಗಿನ್ ಒಂದೇ ಇರುವುದಕ್ಕೆ ಸುಲಭದ ದಾರಿಯೆಂದರೆ, ಸರದಿ ಆರಂಭವಾದಾಗ ಪ್ರೋಗ್ರಾಮೇ ಯಾರೆಂದು ಕೇಳಿ, ಆ ಹೆಸರಿನ ಫೈಲನ್ನು ತೆರೆಯುವುದು. ಮೂರು ಲಾಗಿನ್ ಮಾಡಿಕೊಡಿ ಎಂದು ಪುಸ್ತಕದಲ್ಲಿರುವಂತೆ ಹೇಳಬಹುದು, ಆದರೆ ಗಿರಾಕಿಗಳು ಕಾಯುತ್ತಿರುವಾಗ ಯಾರೂ ಲಾಗ್ ಔಟ್ ಮಾಡುವುದಿಲ್ಲ.

ಕೊನೆಯದಾಗಿ, ಗುಮಾಸ್ತರು ಕೈಯಿಂದ ತಿದ್ದುವ ಫೈಲಿಗೆ ಪ್ರೋಗ್ರಾಂ ತಾನಾಗಿ ಬರೆಯದಿರಲಿ. ಕಾನ್ಫಿಗ್‌ಪಾರ್ಸರ್ ತಿರುಗಿ ಬರೆದಾಗ ಅವರ ಟಿಪ್ಪಣಿಗಳೆಲ್ಲ ಅಳಿದುಹೋಗುತ್ತವೆ. ಫೈರ್‌ಫಾಕ್ಸ್ ಇದಕ್ಕಾಗಿ ಎರಡು ಫೈಲ್ ಇಡುತ್ತದೆ: ಪ್ರೆಫ್ಸ್ ಎಂಬುದನ್ನು ತಾನು ಬರೆಯುತ್ತದೆ, ಯೂಸರ್ ಎಂಬುದನ್ನು ನಾವು ಬರೆದರೆ ತೆರೆಯುವಾಗ ಓದಿಕೊಳ್ಳುತ್ತದೆ. ಕಿಟಕಿಯ ಅಳತೆಯಂತಹ ಪ್ರೋಗ್ರಾಮಿನ ನೆನಪುಗಳಿಗೆ ನೀವೂ ಬೇರೆ ಫೈಲ್ ಮಾಡಿ, ಅದನ್ನು ಬರೆಯುವಾಗ ಪಕ್ಕದಲ್ಲೇ ಒಂದು ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ಇಳಿಸಿ, ಆಮೇಲೆ ಹಳೆಯದರ ಜಾಗಕ್ಕೆ ಹೆಸರು ಬದಲಾಯಿಸಿ. ನೇರವಾಗಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಉಳಿಯುವುದು ಖಾಲಿ ಫೈಲ್, ಮತ್ತು ಜುಲೈ ತಿಂಗಳಿನಲ್ಲಿ ತೀರ್ಥಹಳ್ಳಿಯ ಕರೆಂಟಿನ ಬಗ್ಗೆ ನಾನು ನಿಮಗೆ ಹೇಳುವುದೇನಿದೆ.

ಕುಶಾವತಿ

ಇವತ್ತಿಗೆ ಹತ್ತು ದಿನವಾಯಿತು, ವಿಂಡೋಸ್ ಕಂಪ್ಯೂಟರುಗಳೆರಡರಲ್ಲೂ ಸರಿಯಾಗಿ ನಡೆಯುತ್ತಿದೆ. ವರದಾಮೂಲದವರ ಮಾತು ಕೇಳಿ ಹನ್ನೊಂದು ಸೆಟ್ಟಿಂಗುಗಳಲ್ಲಿ ಆರನ್ನು ತೆಗೆದುಹಾಕಿದೆ; ಅವುಗಳಲ್ಲಿ ಒಂದಕ್ಕೆ ಮಾತ್ರ, ದಿನಾಂಕ ಬರೆಯುವ ರೂಪಕ್ಕೆ, ಒಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ತಪ್ಪು ಬರೆದ ಸಾಲಿಗೆ ಕನ್ನಡದಲ್ಲಿ ಉತ್ತರ ಬರುವುದರಿಂದ ನನಗೆ ಬರುವ ಫೋನ್ ನಿಂತಿದೆ.

ಹಿರಿಯರು 125% ಎಂಬುದನ್ನು ತಾವೇ 150% ಮಾಡಿಕೊಂಡಿದ್ದಾರೆಂದು ನಿನ್ನೆ ಅವರ ಫೈಲ್ ತೆರೆದಾಗ ತಿಳಿಯಿತು. ಅದರ ಮೇಲಿನ ಸಾಲಿನಲ್ಲಿ ಟಿಪ್ಪಣಿಯ ಚಿಹ್ನೆ ಹಾಕಿ ಬರೆದಿದ್ದರು:

# ಇದನ್ನು ನಾನು ಇಲ್ಲದಾಗ ಯಾರೂ ಸಣ್ಣ ಮಾಡಬಾರದು